ಸಹಿ ಹಾಕುವ ಮುಂಚೆ ಮ್ಯಾಟ್ ಮುಟ್ಟಿ ನೋಡಿ

(ಮೈಸೂರಿನ ಬಡಾವಣೆಯೊಂದರ ವಾಚನಾಲಯದಲ್ಲಿ, ಭಾನುವಾರ ಬೆಳಗ್ಗೆ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ನನ್ನ ಕೈಯಲ್ಲಿರುವ ಈ ಹಾಳೆ ನೋಡಿ. ಹಿಂದಿನ ಸಾಲಿನವರಿಗೆ ಕಾಣದಿದ್ದರೂ ಪರವಾಗಿಲ್ಲ, ನೋಡುವಂಥದ್ದೇನೂ ಇಲ್ಲ. ಎರಡು ಪುಟ, ಮೂಲೆಯಲ್ಲಿ ಒಂದು ಪಿನ್. ಕೆಳಗಿರುವುದು ನನ್ನದೇ ಸಹಿ. ಮೂರು ವರ್ಷದ ಹಿಂದೆ ಮಗನನ್ನು ಕರಾಟೆಗೆ ಸೇರಿಸುವಾಗ ಹಾಕಿದ್ದು. ಎರಡು ವರ್ಷದ ಪ್ಯಾಕೇಜ್, 42,000 ರೂಪಾಯಿ, ಒಂದೇ ಸಲಕ್ಕೆ. ಐದನೇ ತಿಂಗಳಿಗೆ ಅವನಿಗೆ ಕಲಿಸುತ್ತಿದ್ದ ಮಾಸ್ಟರ್ ಕೆಲಸ ಬಿಟ್ಟರು. ಆರನೇ ತಿಂಗಳು ಮುಗಿಯುವಾಗ ಸಂಜೆ ಬ್ಯಾಚ್ ನಿಲ್ಲಿಸಿ, ಊರಿನ ಆ ತುದಿಯಲ್ಲಿರುವ ಬ್ರಾಂಚಿಗೆ ಕಳಿಸಿ ಎಂದರು. ದುಡ್ಡು ವಾಪಸ್ ಕೊಡಿ ಎಂದಾಗ ಅಲ್ಲಿ ಕೂತಿದ್ದ ಹುಡುಗಿ ತುಂಬಾ ಮರ್ಯಾದೆಯಿಂದ, "ಮೇಡಂ, ಏಳನೇ ಪಾಯಿಂಟ್ ಓದಿ" ಎಂದಳು. ಓದಿದೆ. "ಕಟ್ಟಿದ ಶುಲ್ಕವನ್ನು ಯಾವ ಕಾರಣಕ್ಕೂ ಹಿಂತಿರುಗಿಸುವುದಿಲ್ಲ."

ನಾಚಿಕೆಯಾಗಿದ್ದು ಬೇರೆ ಕಾರಣಕ್ಕೆ. ನಾನು ಹನ್ನೆರಡನೇ ವಯಸ್ಸಿನಿಂದ ಕರಾಟೆ ಮಾಡಿದವಳು. ಬ್ಲ್ಯಾಕ್ ಬೆಲ್ಟ್. ಹತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಎದುರಿಗಿರುವವರ ಸೊಂಟ ನೋಡಿ ಒದೆ ಯಾವ ಕಡೆಯಿಂದ ಬರುತ್ತದೆ ಅಂತ ಹೇಳಬಲ್ಲೆ. ಈ ಹಾಳೆ ಯಾವ ಕಡೆಯಿಂದ ಬಂತು ಅಂತ ಮಾತ್ರ ಗೊತ್ತಾಗಲಿಲ್ಲ.

ಯಾಕೆ ಗೊತ್ತಾಗಲಿಲ್ಲ ಅಂತ ಆಮೇಲೆ ಕೂತು ಯೋಚಿಸಿದ್ದೇನೆ. ಒಳಗೆ ಹೋದ ಕೂಡಲೇ ಗೋಡೆ ಮೇಲೆ ಬಿಳಿಯಿಂದ ಕಪ್ಪಿನವರೆಗೆ ಬೆಲ್ಟುಗಳನ್ನು ಗಾಜಿನ ಚೌಕಟ್ಟಿನಲ್ಲಿ ಸಾಲಾಗಿ ಹಾಕಿದ್ದರು. ಮಗ ಅದರ ಮುಂದೆ ನಿಂತವನು ಅಲ್ಲಾಡಲಿಲ್ಲ. ನನ್ನನ್ನು ಎಸಿ ರೂಮಿನಲ್ಲಿ ಕೂರಿಸಿದರು. ನೀರು ಕೊಟ್ಟರು. "ನಿಮ್ಮ ಮಗ ಎರಡು ವರ್ಷದಲ್ಲಿ ಏನಾಗಬೇಕು ಅಂತ ನಿಮ್ಮ ಆಸೆ?" ಎಂದು ಕೇಳಿದರು. ಈ ಪ್ರಶ್ನೆ ಕೇಳಿದರೆ ಯಾವ ತಾಯಿಗೆ ತಲೆ ನೆಟ್ಟಗೆ ಇರುತ್ತದೆ ಹೇಳಿ? ಕೊನೆಗೆ, "ಇವತ್ತು ಎಂಟು ಗಂಟೆಯೊಳಗೆ ಸೇರಿದರೆ 6,000 ಕಡಿಮೆ" ಎಂದರು. ಆಗ ಏಳೂವರೆ. ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡುವವಳು ನಾನು. ಅಲ್ಲಿ ಅರ್ಧ ಗಂಟೆಯಲ್ಲಿ 42,000 ಕಟ್ಟಿ ಬಂದೆ.

ಕ್ಲಾಸು ನಡೆಯುವ ಜಾಗವನ್ನು ನಾನು ನೋಡಲೇ ಇಲ್ಲ. ಅದು ಮೇಲಿನ ಮಹಡಿಯಲ್ಲಿತ್ತು.

ನಮ್ಮ ತಾತ ಗರಡಿ ಮನೆಗೆ ಹೋಗುತ್ತಿದ್ದವರು. ಇಲ್ಲಿ ಹಳೇ ಮೊಹಲ್ಲಾಗಳಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ತಗ್ಗು ಬಾಗಿಲು, ಒಳಗೆ ಅರ್ಧ ಕತ್ತಲೆ, ಕೆಂಪು ಮಟ್ಟಿ. ಆ ಮಟ್ಟಿಯೇ ಎಲ್ಲ. ಅದಕ್ಕೆ ಅರಿಶಿನ ಬೆರೆಸುತ್ತಾರೆ, ಎಣ್ಣೆ ತುಪ್ಪ ಹಾಕುತ್ತಾರೆ, ದಿನಾ ಕೆದಕಿ ಮೆತ್ತಗೆ ಮಾಡುತ್ತಾರೆ. ಹೊಸದಾಗಿ ಬಂದ ಹುಡುಗನಿಗೆ ಮೊದಲ ಕೆಲಸ ಪಟ್ಟು ಕಲಿಯುವುದಲ್ಲ, ಮಟ್ಟಿ ಕೆದಕುವುದು. ತಾತ ಹೇಳುತ್ತಿದ್ದರು, ಕುಸ್ತಿ ಕಲಿಸುವ ವಸ್ತಾದರಿಗೆ ವೀಳ್ಯದೆಲೆ, ತೆಂಗಿನಕಾಯಿ ಇಟ್ಟು ಕಾಲಿಗೆ ಬಿದ್ದರೆ ಮುಗಿಯಿತು, ಮಾರನೇ ದಿನ ಬೆಳಗ್ಗೆ ಐದಕ್ಕೆ ದಂಡ, ಬಸ್ಕಿ ಶುರು. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೀವು ನೋಡಿರಬಹುದು. ತಲೆ ಬೋಳಿಸಿಕೊಂಡ ಜಟ್ಟಿಗಳು, ಕೈಯಲ್ಲಿ ಮೊನಚು ಆಯುಧ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಬಂದರೆ ಅಲ್ಲಿಗೆ ಕಾಳಗ ಮುಗಿಯಿತು. ಎಷ್ಟು ಭಯಂಕರವಾಗಿ ಕಂಡರೂ, ಎಲ್ಲಿ ಮುಗಿಯುತ್ತದೆ ಅಂತ ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ. ನನ್ನ ಎರಡು ಪುಟದ ಒಪ್ಪಂದಕ್ಕೆ ಅಷ್ಟು ನಿಯತ್ತೂ ಇರಲಿಲ್ಲ.

ಹಾಗಂತ ಹಳೇದೆಲ್ಲ ಚಿನ್ನ ಅಂತ ನಾನು ಹೇಳಲು ಬಂದಿಲ್ಲ. ತಾತನ ಗರಡಿ ಮನೆಯ ಹೊಸ್ತಿಲನ್ನು ನಮ್ಮ ಅಜ್ಜಿ ಒಂದು ದಿನವೂ ದಾಟಿರಲಿಲ್ಲ, ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ನನಗೆ ಶಾಲೆ ಮೈದಾನದಲ್ಲಿ ಕರಾಟೆ ಕಲಿಸಿದ ಮಾಸ್ಟರ್ ಫೀಸು ಕೇಳುತ್ತಿದ್ದುದು ಕಡಿಮೆ, ಬೆತ್ತದಲ್ಲಿ ಬಾರಿಸುತ್ತಿದ್ದುದು ಜಾಸ್ತಿ. ಬಿಸಿಲಲ್ಲಿ ಜಲ್ಲಿಕಲ್ಲಿನ ಮೇಲೆ ಮುಷ್ಟಿ ಊರಿ ದಂಡ ಹೊಡೆಸುತ್ತಿದ್ದರು. ನನ್ನ ಬೆರಳ ಗೆಣ್ಣು ಇವತ್ತಿಗೂ ಮಳೆಗಾಲದಲ್ಲಿ ನೋಯುತ್ತದೆ. ದುಡ್ಡು ತೆಗೆದುಕೊಳ್ಳುವುದು ತಪ್ಪಲ್ಲ. ಹಾಲ್ ಬಾಡಿಗೆ ಇದೆ, ಕರೆಂಟ್ ಬಿಲ್ ಇದೆ, ಮಾಸ್ಟರಿಗೂ ಹೆಂಡತಿ ಮಕ್ಕಳಿದ್ದಾರೆ. ಈ ತಿಂಗಳು ಕಲಿಸಿದ್ದಕ್ಕೆ ಈ ತಿಂಗಳ ದುಡ್ಡು ಕೊಡೋಣ, ಸಂತೋಷವಾಗಿ ಕೊಡೋಣ. ನಾಳೆ ಬೇಡ ಅನಿಸಿದರೂ ಬಿಡೋಕಾಗದ ಹಾಗೆ ಕಟ್ಟಿಹಾಕಲು ತೆಗೆದುಕೊಳ್ಳುವ ದುಡ್ಡಿನ ಬಗ್ಗೆ ನನ್ನ ಜಗಳ.

ಯಾವ ಕಲೆ ಒಳ್ಳೆಯದು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಕರಾಟೆಯಾ, ಟೇಕ್ವಾಂಡೋನಾ, ಜೂಡೋನಾ, ಕಳರಿನಾ, ಕಿಕ್ ಬಾಕ್ಸಿಂಗಾ? ಬೇಗ ಹೇಳಿಬಿಡುತ್ತೇನೆ. ಒದೆ ಇಷ್ಟಪಡುವ ಮಗುವಿಗೆ ಟೇಕ್ವಾಂಡೋ. ಯಾವಾಗಲೂ ತಮ್ಮನ ಮೇಲೆ ಬಿದ್ದು ಉರುಳಾಡುವ ಮಗುವಿಗೆ ಜೂಡೋ ಅಥವಾ ಕುಸ್ತಿ. ಒಂದೇ ಕೆಲಸವನ್ನು ನೂರು ಸಲ ತಿದ್ದಿ ತಿದ್ದಿ ಮಾಡುವ ಸ್ವಭಾವದ ಮಗುವಿಗೆ ಕರಾಟೆಯ ಕಟಾ, ಅಂದರೆ ಒಬ್ಬರೇ ನಿಂತು ಕ್ರಮವಾಗಿ ಮಾಡುವ ಹೊಡೆತ, ತಡೆಗಳ ಸಾಲು. ಆರು ವರ್ಷದ ಮಗುವಿಗೆ ಇದ್ಯಾವ ವ್ಯತ್ಯಾಸವೂ ಅಷ್ಟು ಮುಖ್ಯವಲ್ಲ. ಮನೆಯಿಂದ ನಡೆದು ಹೋಗುವ ದೂರ ಮತ್ತು ಕಲಿಸುವ ಮನುಷ್ಯ, ಇವೆರಡೇ ಮುಖ್ಯ. ಒಲಿಂಪಿಕ್ಸ್ ಕನಸು ತೋರಿಸಿದರೆ ಮಾತ್ರ ಸ್ವಲ್ಪ ಜ್ಞಾಪಕ ಇಟ್ಟುಕೊಳ್ಳಿ. ಜೂಡೋ 1964ರಲ್ಲಿ, ಟೇಕ್ವಾಂಡೋ 2000ದಲ್ಲಿ ಪದಕದ ಆಟಗಳಾಗಿ ಒಳಗೆ ಬಂದವು. ಕರಾಟೆ ಟೋಕಿಯೋದಲ್ಲಿ ಒಂದು ಸಲ ಇತ್ತು. 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ, 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲೂ ಇಲ್ಲ. ಆದರೂ ನಮ್ಮೂರಿನ ಬ್ಯಾನರುಗಳಲ್ಲಿ ಕರಾಟೆಯ ಪಕ್ಕ ಐದು ಬಳೆ ಇನ್ನೂ ಹೊಳೆಯುತ್ತಿವೆ.

ಈಗ ಬೆಲ್ಟಿಗೆ ಬರೋಣ. ಮಗ ಮುಂದೆ ನಿಂತಿದ್ದನಲ್ಲ, ಆ ಚೌಕಟ್ಟಿಗೆ.

ಜೂಡೋ ಕಟ್ಟಿದವರು ಜಿಗೊರೊ ಕಾನೊ. 1882ರಲ್ಲಿ ಟೋಕಿಯೋದ ಒಂದು ದೇವಸ್ಥಾನದಲ್ಲಿ ಶುರು ಮಾಡಿದರು. ಹನ್ನೆರಡು ಚಾಪೆಯಷ್ಟು ಜಾಗ, ಮೊದಲ ವರ್ಷ ಒಂಬತ್ತು ಶಿಷ್ಯರು. ಕಪ್ಪು ಬೆಲ್ಟು ಬಂದಿದ್ದು ಅವರಿಂದ. ಕರಾಟೆಯನ್ನು ಓಕಿನಾವಾ ದ್ವೀಪದಿಂದ 1922ರಲ್ಲಿ ಟೋಕಿಯೋಗೆ ತಂದ ಗಿಚಿನ್ ಫುನಾಕೋಶಿ ಈ ಪದ್ಧತಿಯನ್ನು ಕಾನೊ ಅವರಿಂದ ತೆಗೆದುಕೊಂಡು, 1924ರಲ್ಲಿ ತಮ್ಮ ಮೊದಲ ಬ್ಲ್ಯಾಕ್ ಬೆಲ್ಟ್‌ಗಳನ್ನು ಕೊಟ್ಟರು. ಮಧ್ಯದ ಹಳದಿ, ಕಿತ್ತಳೆ, ಹಸಿರು, ನೀಲಿ ಎಲ್ಲ ಎಲ್ಲಿಂದ ಬಂದವು? ಹೆಚ್ಚಾಗಿ ಯುರೋಪಿನಿಂದ. 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೂಡೋ ಕಲಿಸುತ್ತಿದ್ದ ಕವಾಯಿಶಿ ಎಂಬ ಮಾಸ್ಟರ್ ಇವನ್ನು ಬಳಕೆಗೆ ತಂದವರಲ್ಲಿ ಮುಖ್ಯರು. ಕಪ್ಪಿನ ತನಕ ವರ್ಷಗಟ್ಟಲೆ ಕಾಯಲು ಅಲ್ಲಿನವರಿಗೆ ತಾಳ್ಮೆ ಇರಲಿಲ್ಲ, ನಡುವೆ ಒಂದಿಷ್ಟು ಮೆಟ್ಟಿಲು ಬೇಕಿತ್ತು. ಅದರಲ್ಲಿ ತಪ್ಪೇನಿಲ್ಲ. ಮಕ್ಕಳಿಗೆ ಹುರುಪು ಬರುತ್ತದೆ. ಆದರೆ ಮೆಟ್ಟಿಲು ಈಗ ಆಟೋ ಮೀಟರ್ ಆಗಿದೆ.

ಒಂದು ಲೆಕ್ಕ ಹಾಕೋಣ. ಫೀಸು ತಿಂಗಳಿಗೆ ಬರೀ 800 ಅಂದರು, ನಿಮಗೆ ಖುಷಿಯಾಯಿತು. ಮೂರು ತಿಂಗಳಿಗೊಂದು ಬೆಲ್ಟ್ ಟೆಸ್ಟ್. ಎಂಟು ಟೆಸ್ಟಿಗೆ ತಲಾ 1,000, ಕೊನೆಯ ಕಪ್ಪಿಗೆ 10,000. ಅಲ್ಲಿಗೆ 18,000. ಪ್ರತಿ ಟೆಸ್ಟಿಗೂ ಮುಂಚೆ "ವಿಶೇಷ ತರಬೇತಿ", ಅದಕ್ಕೆ ಬೇರೆ. ಗ್ಲೌಸು, ಶಿನ್ ಗಾರ್ಡ್ ನಮ್ಮಲ್ಲೇ ತಗೊಳ್ಳಬೇಕು. ಬೇಸಿಗೆ ಶಿಬಿರ ಕಡ್ಡಾಯ. ಆದ್ದರಿಂದ ತಿಂಗಳ ಫೀಸು ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. "ಬಿಳಿಯಿಂದ ಕಪ್ಪಿನವರೆಗೆ ಒಟ್ಟು ಏನೇನು ಕೊಡಬೇಕು, ಒಂದು ಹಾಳೆಯಲ್ಲಿ ಬರೆದುಕೊಡಿ" ಅಂತ ಕೇಳಿ. ಬರೆದುಕೊಡುವವರ ಹತ್ತಿರ ಮುಂದಿನ ಮಾತು. "ಅದು ಆಮೇಲೆ ಹೇಳ್ತೀವಿ" ಎಂದರೆ ಚಪ್ಪಲಿ ಹಾಕಿಕೊಳ್ಳಿ.

ಟೆಸ್ಟಿನಲ್ಲಿ ಯಾರಾದರೂ ಫೇಲ್ ಆಗುತ್ತಾರಾ ಅಂತಲೂ ಕೇಳಿ. ಇದು ನನ್ನ ಅಚ್ಚುಮೆಚ್ಚಿನ ಪ್ರಶ್ನೆ. ಎಲ್ಲರೂ ಪಾಸ್ ಆಗುವ ಕಡೆ ನಡೆಯುವುದು ಟೆಸ್ಟ್ ಅಲ್ಲ, ವಸೂಲಿ. "ಎರಡು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ" ಅನ್ನುವುದೂ ಅಷ್ಟೇ. ಬ್ರೆಜಿಲಿಯನ್ ಜಿಯು ಜಿತ್ಸುವಿನಲ್ಲಿ ಕಪ್ಪು ಬೆಲ್ಟಿಗೆ ಸುಮಾರು ಹತ್ತು ವರ್ಷ ಹಿಡಿಯುತ್ತದೆ, ಹತ್ತೊಂಬತ್ತು ತುಂಬುವ ತನಕ ಕೊಡುವಂತೆಯೇ ಇಲ್ಲ. ಟೇಕ್ವಾಂಡೋದಲ್ಲಿ ಸಿಯೋಲ್‌ನ ಕುಕ್ಕಿವಾನ್ ಸಂಸ್ಥೆ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪೂರ್ತಿ ಕಪ್ಪು ಕೊಡುವುದಿಲ್ಲ, ಪೂಮ್ ಅಂತ ಕೆಂಪು ಕಪ್ಪು ಸೇರಿದ ಬೆಲ್ಟ್ ಕೊಡುತ್ತದೆ. ಡೋಜೋ ಅಂದರೆ ಕಲಿಯುವ ಜಾಗ. ಅಮೆರಿಕದಲ್ಲಿ ದುಡ್ಡಿಗೆ ಬೆಲ್ಟ್ ಮಾರುವ ಕ್ಲಾಸುಗಳಿಗೆ, ಮ್ಯಾಕ್‌ಡೊನಾಲ್ಡ್ಸ್ ಹೆಸರು ಸೇರಿಸಿ, ಮ್ಯಾಕ್‌ಡೋಜೋ ಅಂತಲೇ ಅಡ್ಡಹೆಸರಿದೆ. ಬರ್ಗರ್ ಥರ ಬೇಗ ಬೇಗ ಕಟ್ಟಿ ಕೊಡುವುದಕ್ಕೆ.

ಸರಿ, ಕ್ಲಾಸನ್ನು ನೋಡುವುದು ಹೇಗೆ? ಇದಕ್ಕೆ ಸ್ವಲ್ಪ ಹೊತ್ತು ತಗೊಳ್ಳುತ್ತೇನೆ.

ಮೊದಲನೇ ಸಲ ಹೇಳಿ ಹೋಗಿ. ಎರಡನೇ ಸಲ ಹೇಳದೆ ಹೋಗಿ. ನಿಮ್ಮ ಮಗು ಹೋಗಬೇಕಾದ ಬ್ಯಾಚನ್ನೇ, ಅದೇ ಹೊತ್ತಿನಲ್ಲಿ ನೋಡಿ. ಶನಿವಾರದ ಡೆಮೋಗೆ ಸಂಸ್ಥೆಯ ದೊಡ್ಡ ಮಾಸ್ಟರೇ ಬಂದು ಹೆಂಚು ಒಡೆದು ತೋರಿಸುತ್ತಾರೆ. ಮಂಗಳವಾರ ಸಂಜೆ ಐದೂವರೆಗೆ ಯಾರಿರುತ್ತಾರೆ ಅನ್ನುವುದು ನಿಮಗೆ ಬೇಕಾದದ್ದು. ನಾನು ಹೀಗೆ ಹೇಳದೆ ಹೋದ ಒಂದು ಕಡೆ ನಲವತ್ತು ಮಕ್ಕಳಿದ್ದರು, ಮುಂದಿನ ಎರಡು ಸಾಲನ್ನು ಮಾಸ್ಟರ್ ನೋಡುತ್ತಿದ್ದರು. ಹಿಂದಿನ ಸಾಲಿನ ಪುಟಾಣಿಗಳನ್ನು ಹನ್ನೆರಡು ವರ್ಷದ ಕಂದು ಬೆಲ್ಟಿನ ಹುಡುಗನೊಬ್ಬನಿಗೆ ಒಪ್ಪಿಸಿದ್ದರು. ಪಾಪ, ಅವನೂ ಫೀಸು ಕೊಟ್ಟು ಬರುವವನೇ.

ಚಪ್ಪಲಿ ಬಿಟ್ಟು ಮ್ಯಾಟ್ ಮೇಲೆ ನಿಲ್ಲಿ. ಹಿಮ್ಮಡಿ ಊರಿ ಒತ್ತಿ ನೋಡಿ, ನೆಲ ತಾಗುತ್ತದಾ? ಕೂಡಿಸಿರುವ ಕಡೆ ಬಿರುಕು ಬಿಟ್ಟಿದೆಯಾ? ಮಕ್ಕಳ ಕಾಲ್ಬೆರಳು ಸಿಕ್ಕಿಕೊಂಡು ಉಗುರು ಕಿತ್ತು ಬರುವುದು ಆ ಬಿರುಕಿನಲ್ಲೇ. ಒದೆ, ಗುದ್ದು ಕಲಿಯಲು 20–25 ಮಿಲಿಮೀಟರ್ ದಪ್ಪದ ಮ್ಯಾಟ್ ಸಾಕು. ಎತ್ತಿ ಹಾಕುವ ಜೂಡೋಗೆ 40 ಮಿಲಿಮೀಟರ್ ಆದರೂ ಬೇಕು. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್‌ನಲ್ಲಿ ನುಣ್ಣನೆ ಟೈಲ್ಸ್ ಮೇಲೆ ಮಕ್ಕಳನ್ನು ಎತ್ತಿ ಹಾಕಿಸುವುದನ್ನು ಕಣ್ಣಾರೆ ನೋಡಿದ್ದೇನೆ. ಮೂಸಿಯೂ ನೋಡಿ, ನಗಬೇಡಿ. ಬೆವರಿನ ವಾಸನೆ ಇದ್ದರೆ ಪರವಾಗಿಲ್ಲ. ಮುಗ್ಗಲು ವಾಸನೆ ಇದ್ದರೆ ಒರೆಸುವವರಿಲ್ಲ ಅಂತ ಅರ್ಥ, ಹುಳುಕಡ್ಡಿ ಮನೆಮಂದಿಗೆಲ್ಲ ಬರುತ್ತದೆ.

ಆಮೇಲೆ ಒಂದು ಮಗುವನ್ನು ಆರಿಸಿಕೊಳ್ಳಿ. ಚೆನ್ನಾಗಿ ಮಾಡುವ ಮಗುವಲ್ಲ. ಎಡಗಾಲು ಮುಂದೆ ಅಂದರೆ ಬಲಗಾಲು ಇಡುವ ಮಗು ಎಲ್ಲ ಕ್ಲಾಸಿನಲ್ಲೂ ಒಂದಿರುತ್ತದೆ. ಗಂಟೆಪೂರ್ತಿ ಅದರ ಮೇಲೇ ಕಣ್ಣಿಡಿ. ಮಾಸ್ಟರ್ ಆ ಮಗುವಿನ ಹತ್ತಿರ ಎಷ್ಟು ಸಲ ಬಂದರು? ಬಂದು ಏನು ಮಾಡಿದರು? ನಾನು ಕಂಡ ಒಬ್ಬ ಜೂಡೋ ಮಾಸ್ಟರ್ ಮಂಡಿಯೂರಿ ಮಗುವಿನ ಎತ್ತರಕ್ಕೆ ಬಂದು, ತಪ್ಪಾದ ಕಾಲನ್ನು ಮುಟ್ಟುವ ಮುಂಚೆ, "ಕಾಲು ಹಿಡಿದು ತೋರಿಸಲಾ?" ಎಂದು ಕೇಳಿದರು. ಮಗು ತಲೆಯಾಡಿಸಿದ ಮೇಲೆ ತಿದ್ದಿದರು. ಅಲ್ಲಿಂದ ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದರು. ತಪ್ಪು ಮತ್ತೆ ಹಾಗೇ ಆಗಿತ್ತು. ವಾಪಸ್ ಬಂದು ಮತ್ತೆ ಮಂಡಿಯೂರಿದರು. ಆ ಕ್ಲಾಸಿನ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಬಿಟ್ಟರೆ ಏನೂ ಇರಲಿಲ್ಲ.

ಅಳುವ ಮಗುವಿಗೆ ಏನು ಮಾಡುತ್ತಾರೆ, ನೀರು ಕುಡಿಯಲು ಬಿಡುತ್ತಾರಾ, ಹೊಡೆದಾಟದ ಅಭ್ಯಾಸದಲ್ಲಿ ಹಲ್ಲಿಗೆ ಗಾರ್ಡ್ ಹಾಕಿಸುತ್ತಾರಾ, ಇವೆಲ್ಲ ತಾನಾಗಿ ಕಣ್ಣಿಗೆ ಬೀಳುತ್ತವೆ. ಬೀಳುವುದನ್ನು ಮೊದಲು ಕಲಿಸುತ್ತಾರಾ, ಬೀಳಿಸುವುದನ್ನಾ ಅಂತ ನೋಡಿ. ಸೇರಿಸಿಕೊಳ್ಳುವಾಗ ಮಗುವಿಗೆ ಉಬ್ಬಸ ಇದೆಯಾ, ಹಿಂದೆ ಮೂಳೆ ಮುರಿದಿತ್ತಾ ಅಂತ ಅವರಾಗಿ ಕೇಳಿದರೆ ಒಳ್ಳೆ ಲಕ್ಷಣ. ಬ್ಯಾಂಕ್ ಡೀಟೇಲ್ಸ್ ಮಾತ್ರ ಕೇಳಿದರೆ ಅದೂ ಒಂದು ಲಕ್ಷಣವೇ.

ಇನ್ನೊಂದು ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. "ಪೋಷಕರು ಒಳಗೆ ಕೂರುವಂತಿಲ್ಲ, ಮಕ್ಕಳ ಗಮನ ಹೋಗುತ್ತೆ" ಅನ್ನುತ್ತಾರೆ. ಒಪ್ಪೋಣ, ಮಕ್ಕಳು ಅಮ್ಮನ ಮುಖ ನೋಡುತ್ತಾ ನಿಲ್ಲುತ್ತವೆ ನಿಜ. ಹಾಗಾದರೆ ಹೊರಗಿನಿಂದ ಕಾಣುವ ಕಿಟಕಿಯೋ ಗಾಜಿನ ಬಾಗಿಲೋ ಇರಬೇಕು. ಬಾಗಿಲು ಮುಚ್ಚಿ ನಡೆಸುವ ಮಕ್ಕಳ ಕ್ಲಾಸಿಗೆ, ಒಬ್ಬೊಬ್ಬರನ್ನೇ ಕರೆಸುವ "ಸ್ಪೆಷಲ್ ಪ್ರಾಕ್ಟೀಸ್"ಗೆ, ಹೆಂಗಸರೊಬ್ಬರೂ ಜೊತೆಗಿಲ್ಲದ ಹೊರೂರಿನ ಶಿಬಿರಕ್ಕೆ ಹೆಣ್ಣು ಮಗುವನ್ನಾಗಲಿ ಗಂಡು ಮಗುವನ್ನಾಗಲಿ ಕಳಿಸಬೇಡಿ. ಮಾಸ್ಟರ್ ಎಷ್ಟೇ ದೊಡ್ಡವರಿರಲಿ.

ಈಗ ಹಾಳೆಗೆ ವಾಪಸ್ ಬರೋಣ.

ಫಾರ್ಮನ್ನು ಅಲ್ಲೇ ಓದಬೇಡಿ, ಮನೆಗೆ ತನ್ನಿ. ಫೋಟೋ ಆದರೂ ತೆಗೆದುಕೊಂಡು ಬನ್ನಿ. ಬಿಡಲ್ಲ ಅಂದರೆ ಉತ್ತರ ಅಲ್ಲೇ ಸಿಕ್ಕಿತು. ಸಹಿ ಮಾಡಿ ಮೂರು ದಿನದೊಳಗೆ ಮನಸ್ಸು ಬದಲಾಯಿಸಿದರೆ ದುಡ್ಡು ವಾಪಸ್ ಬರುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಇಂಥ ಕ್ಲಾಸುಗಳಿಗೆ ಹಾಗೊಂದು ಹಕ್ಕು ನಮ್ಮ ಕಾನೂನಿನಲ್ಲಿ ಇಲ್ಲ. ಫಾರ್ಮಿನಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಮೇಲೆ, ಮಗುವಿನ ಹೆಸರಲ್ಲಿ ಏನೇ ಬರೆದಿದ್ದರೂ ಕಟ್ಟುಬೀಳುವವರು ನೀವು. 1872ರ ಕರಾರು ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರು ಕರಾರು ಮಾಡಿಕೊಳ್ಳುವಂತಿಲ್ಲ. ಬೆಲ್ಟು ಅವನಿಗೆ, ಬಾಕಿ ನಿಮಗೆ.

ವರ್ಷದ ಪ್ಯಾಕೇಜಿನ ರಿಯಾಯಿತಿ ಇದೆಯಲ್ಲ, ಅದನ್ನು ತಿಂಗಳಿಗೆ ಇಳಿಸಿ ನೋಡಿ. ತಿಂಗಳಿಗೆ 1,500, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 12,000. ಆರು ಸಾವಿರ ಉಳಿಯಿತು ಅನಿಸುತ್ತದೆ. ಹನ್ನೆರಡು ಸಾವಿರ ಅಂದರೆ ಎಂಟು ತಿಂಗಳ ಫೀಸು. ಎಂಟು ತಿಂಗಳಿಗಿಂತ ಜಾಸ್ತಿ ಹೋದರೆ ಮಾತ್ರ ನಿಮಗೆ ಲಾಭ. ಈಗ ನಿಮ್ಮ ಮನೆಯ ವರ್ಷ ನೆನಪಿಸಿಕೊಳ್ಳಿ. ಮಾರ್ಚಿನಲ್ಲಿ ಪರೀಕ್ಷೆ. ಏಪ್ರಿಲ್, ಮೇ ಅಜ್ಜಿ ಮನೆ. ದಸರಾ ರಜೆ. ಮಳೆಗಾಲದಲ್ಲಿ ಎರಡು ಜ್ವರ. ಕ್ಲಾಸು ನಡೆಸಿದವಳಾಗಿ ಹೇಳುತ್ತೇನೆ, ಜೂನ್‌ನಲ್ಲಿ ಕೈ ಚಾಚಲು ಜಾಗವಿಲ್ಲದಷ್ಟು ತುಂಬಿದ ಸಾಲು ದಸರಾ ಹೊತ್ತಿಗೆ ಸಡಿಲವಾಗುತ್ತದೆ. ಪ್ಯಾಕೇಜ್ ಮಾರುವವರಿಗೂ ಇದು ಗೊತ್ತು. ಬಾರದೇ ಹೋಗುವ ಮಕ್ಕಳ ಫೀಸಿನಲ್ಲೇ ಎಸಿ ಓಡುವುದು.

ಇದಕ್ಕಿಂತ ಅಪಾಯದ್ದು ಇಎಂಐ. "ದುಡ್ಡು ಈಗಲೇ ಬೇಡ ಮೇಡಂ, ನೋ ಕಾಸ್ಟ್ ಇಎಂಐ ಮಾಡಿಕೊಡ್ತೀವಿ, ಆಧಾರ್, ಪ್ಯಾನ್ ಕೊಡಿ, ಒಂದು ಒಟಿಪಿ ಬರುತ್ತೆ, ಹೇಳಿ." ಆ ಒಟಿಪಿ ನಿಮ್ಮ ಸಹಿ. ಆ ಕ್ಷಣದಲ್ಲಿ ಒಂದು ಫೈನಾನ್ಸ್ ಕಂಪನಿ ನಿಮ್ಮ ಹೆಸರಲ್ಲಿ ಸಾಲ ಬರೆದು, ದುಡ್ಡನ್ನು ಕ್ಲಾಸಿನವರಿಗೆ ಕೊಟ್ಟಿರುತ್ತದೆ. ಇನ್ನು ನಿಮ್ಮ ವ್ಯವಹಾರ ಕರಾಟೆ ಮಾಸ್ಟರ್ ಜೊತೆಗಲ್ಲ. ಕ್ಲಾಸು ಬಾಗಿಲು ಹಾಕಿಕೊಂಡು ಹೋದರೂ ಕಂತು ಬರುತ್ತಲೇ ಇರುತ್ತದೆ, ಕಟ್ಟದಿದ್ದರೆ ಸಿಬಿಲ್ ಸ್ಕೋರ್ ಕೆಳಗೆ. ನಾಳೆ ಮನೆ ಸಾಲಕ್ಕೆ ಹೋದಾಗ ಈ ಬಿಳಿ ಬೆಲ್ಟು ಎದುರಿಗೆ ಬಂದು ನಿಲ್ಲುತ್ತದೆ. ಆ್ಯಪ್ ಮೂಲಕ ಕೊಡುವ ಸಾಲಕ್ಕೆ ಹಿಂದೆ ಸರಿಯಲು ಕನಿಷ್ಠ ಒಂದು ದಿನವಾದರೂ ಕೊಡಬೇಕು, ಒಟ್ಟು ಖರ್ಚು ತೋರಿಸುವ ಒಂದು ಪಟ್ಟಿ ಕೊಡಬೇಕು ಅಂತ ಆರ್‌ಬಿಐ ನಿಯಮ ಇದೆ. ಅಕಸ್ಮಾತ್ ಒಟಿಪಿ ಹೇಳಿಬಿಟ್ಟಿದ್ದರೆ ರಾತ್ರಿ ಮಲಗುವ ಮುಂಚೆ ಆ ಪಟ್ಟಿ ಹುಡುಕಿ.

ಯುಪಿಐ ಆಟೋಪೇ ಅಷ್ಟು ಕೆಟ್ಟದ್ದಲ್ಲ. ದುಡ್ಡು ಕಡಿತವಾಗುವ 24 ಗಂಟೆ ಮುಂಚೆ ಸಂದೇಶ ಬರಬೇಕು, ಬೇಡವಾದರೆ ನಿಮ್ಮ ಫೋನಿನಲ್ಲೇ ರದ್ದು ಮಾಡಬಹುದು. ಆದರೆ ಆಟೋಪೇ ರದ್ದು ಮಾಡಿದ ಮಾತ್ರಕ್ಕೆ ಒಪ್ಪಂದ ರದ್ದಾಗುವುದಿಲ್ಲ. ಬಿಡುತ್ತಿದ್ದೇವೆ ಅಂತ ಬರಹದಲ್ಲಿ ತಿಳಿಸಿ, ವಾಟ್ಸಾಪ್ ಆದರೂ ಸರಿ.

ಫಾರ್ಮಿನಲ್ಲಿ ಏನು ತಿದ್ದಿಸಬೇಕು? ಪೆನ್ನು ತೆಗೆದುಕೊಂಡು ಗೀಚಬಹುದು, ಗೊತ್ತಾ? ಅಚ್ಚು ಹಾಕಿದ್ದೆಲ್ಲ ಶಾಸನವಲ್ಲ. ಗೀಚಿ, ಪಕ್ಕದಲ್ಲಿ ಬರೆದು, ಇಬ್ಬರೂ ಸಹಿ ಹಾಕಿದರೆ ಅದೇ ಒಪ್ಪಂದ. ನಾನು ಈಗ ಬರೆಸುವುದು ಇಷ್ಟು. ಮಗುವಿಗೆ ಗಾಯವಾದರೆ, ನಾವು ಮನೆ ಬದಲಾಯಿಸಿದರೆ, ಅವರು ಮಾಸ್ಟರನ್ನೋ ಸಮಯವನ್ನೋ ಜಾಗವನ್ನೋ ಬದಲಾಯಿಸಿದರೆ, ಉಳಿದ ತಿಂಗಳ ದುಡ್ಡು ವಾಪಸ್. ಪರೀಕ್ಷೆ ಸಮಯದಲ್ಲಿ ಒಂದು ತಿಂಗಳು ತಡೆಹಿಡಿಯಲು ಅವಕಾಶ. ಅವಧಿ ಮುಗಿದ ಮೇಲೆ ನಾವು ಹೇಳದೆ ತಾನಾಗಿ ಮುಂದುವರಿಯುವಂತಿಲ್ಲ. ಮಗುವಿನ ಫೋಟೋವನ್ನು ಜಾಹೀರಾತಿಗೆ ಬಳಸುವಂತಿಲ್ಲ. "ಏನೇ ಗಾಯವಾದರೂ ನಮ್ಮ ಹೊಣೆ ಇಲ್ಲ" ಅನ್ನುವ ಸಾಲು ಎಲ್ಲ ಕಡೆ ಇರುತ್ತದೆ, ಅದಕ್ಕೆ ತೀರಾ ಹೆದರಬೇಡಿ. ಹರಿದ ಮ್ಯಾಟಿನ ಮೇಲೆ ಎತ್ತಿ ಹಾಕಿಸಿ ಕೈ ಮುರಿದರೆ, ಅದು ಅವರ ನಿರ್ಲಕ್ಷ್ಯವೇ, ಒಂದು ಸಾಲು ಬರೆದುಕೊಂಡ ಮಾತ್ರಕ್ಕೆ ತೊಳೆದು ಹೋಗುವುದಿಲ್ಲ. ಮತ್ತೆ ರಸೀದಿ. ನಗದು ಕೊಟ್ಟರೂ ರಸೀದಿ. ಗೂಗಲ್ ಪೇ ಮಾಡಿದರೂ ಸಂಸ್ಥೆಯ ಹೆಸರಿನ ರಸೀದಿ. ಬಿಲ್ ಕೊಡದಿರುವುದೇ ಒಂದು ತಪ್ಪು ಅಂತ ಗ್ರಾಹಕ ರಕ್ಷಣಾ ಕಾಯ್ದೆ ಹೇಳುತ್ತದೆ.

ಪದಕಗಳ ಬಗ್ಗೆ ಒಂದು ಮಾತು, ಯಾಕೆಂದರೆ ದುಡ್ಡು ಅಲ್ಲೂ ಸೋರುತ್ತದೆ. "ಇಂಟರ್‌ನ್ಯಾಷನಲ್ ಓಪನ್ ಚಾಂಪಿಯನ್‌ಶಿಪ್", ಪ್ರವೇಶ ಶುಲ್ಕ 2,000, ಪಕ್ಕದ ತಾಲೂಕಿನ ಕಲ್ಯಾಣ ಮಂಟಪದಲ್ಲಿ. ಒಂದೊಂದು ಗುಂಪಿನಲ್ಲಿ ನಾಲ್ಕೇ ಮಕ್ಕಳು. ಒಂದು ಚಿನ್ನ, ಒಂದು ಬೆಳ್ಳಿ, ಎರಡು ಕಂಚು. ಲೆಕ್ಕ ಸರಿಹೋಯಿತು ಅಲ್ವಾ? ಮಕ್ಕಳಿಗೆ ವೇದಿಕೆ ಅನುಭವ ಆಗಲಿ ಅಂತ ಕಳಿಸುವುದಾದರೆ ಕಳಿಸಿ, ನಾನೂ ಕಳಿಸಿದ್ದೇನೆ. ಮುಂದೆ ಸಿಇಟಿ ಕ್ರೀಡಾ ಕೋಟಾಕ್ಕೆ ಆಗುತ್ತದೆ ಅಂತ ಮಾತ್ರ ಕಳಿಸಬೇಡಿ. ಅಲ್ಲಿ ಮಾನ್ಯತೆ ಪಡೆದ ಫೆಡರೇಷನ್ನಿನದೋ ಶಾಲಾ ಕ್ರೀಡಾಕೂಟದ್ದೋ ಪತ್ರವನ್ನು ನೋಡುತ್ತಾರೆ, ಹೊಳೆಯುವ ಅಕ್ಷರವನ್ನಲ್ಲ.

ದುಡ್ಡೇ ಇಲ್ಲದೆ ಕಲಿಯುವ ದಾರಿಯೂ ಇದೆ. ಸರ್ಕಾರಿ ಶಾಲೆಯಲ್ಲಿ ಆರರಿಂದ ಹನ್ನೆರಡನೇ ತರಗತಿ ಓದುವ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಯೋಜನೆ ಇದೆ. ವಸತಿ ಶಾಲೆಗಳಲ್ಲಿ ನಮ್ಮ ರಾಜ್ಯದ್ದೇ ಓಬವ್ವನ ಹೆಸರಿನದು ಇದೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ಮಗಳು ಅಂಥ ಶಾಲೆಯಲ್ಲಿದ್ದರೆ, ಹೆಡ್ಮಿಸ್ ಹತ್ತಿರ ಒಮ್ಮೆ ವಿಚಾರಿಸಲು ಹೇಳಿ.

ಈಗ ಕೈಯೆತ್ತಿದವರ ಪ್ರಶ್ನೆ: "ಇದೆಲ್ಲ ಸರಿ, ಈಗಾಗಲೇ ಸಹಿ ಹಾಕಿ ಕೂತಿದ್ದೇವಲ್ಲ, ಏನು ಮಾಡೋದು?"

ನಾನು ಮಾಡಿದ್ದನ್ನು ಹೇಳುತ್ತೇನೆ. ಮೊದಲ ಎರಡು ವಾರ ಫೋನಿನಲ್ಲಿ ಜಗಳವಾಡಿದೆ, ಅದು ದಂಡ. ಆಮೇಲೆ ಪತ್ರ ಬರೆದೆ. 42,000 ಭಾಗಿಸು 24, ತಿಂಗಳಿಗೆ 1,750. ಆರು ತಿಂಗಳಿಗೆ 10,500 ನಿಮ್ಮದು, ಉಳಿದ 31,500 ನನ್ನದು. ಬ್ಯಾಚ್ ನಿಲ್ಲಿಸಿದ್ದು ನೀವು, ನಾನಲ್ಲ. ಹದಿನೈದು ದಿನದಲ್ಲಿ ಕೊಡಿ. ಬೈಗುಳ ಒಂದೂ ಇಲ್ಲ. ರಿಜಿಸ್ಟರ್ಡ್ ಪೋಸ್ಟ್, ಇಮೇಲ್ ಎರಡೂ ಮಾಡಿದೆ. "ಬೇರೆ ಬ್ರಾಂಚಿಗೆ ಕ್ರೆಡಿಟ್ ಕೊಡ್ತೀವಿ" ಎಂದರು. ಬೇಡ ಎಂದೆ. 1915ಕ್ಕೆ ಫೋನ್ ಮಾಡಿದೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ದೂರು ದಾಖಲಾಗಿ ನಂಬರ್ ಬಂತು. ಅದನ್ನೂ ಅವರಿಗೆ ಕಳಿಸಿದೆ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇತ್ತು. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅವರ ಹೆಡ್ಡಾಫೀಸ್ ದೆಹಲಿಯಲ್ಲಿದ್ದರೂ ಸರಿ. ಐದು ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಕೊಡಬೇಕು. ಹೇಳಿದ ಸೇವೆ ಕೊಡಲಿಲ್ಲ ಅನ್ನುವುದಾದರೆ ಜಿಲ್ಲೆಯಲ್ಲೇ ಆಗುತ್ತದೆ. ಈ ಒಪ್ಪಂದವೇ ಅನ್ಯಾಯದ್ದು, ಏಳನೇ ಪಾಯಿಂಟೇ ಬೇಡ ಅಂತ ವಾದಿಸುವುದಾದರೆ ಅದಕ್ಕೆ ರಾಜ್ಯ ಆಯೋಗಕ್ಕೆ ಹೋಗಬೇಕು. ನಾನು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಯೂನಿಫಾರ್ಮಿಗೆ, "ಆಡಳಿತ ವೆಚ್ಚ"ಕ್ಕೆ ಅಂತ ಹಿಡಿದುಕೊಂಡು ಎರಡು ಕಂತಿನಲ್ಲಿ 24,000 ಕೊಟ್ಟರು. ಉಳಿದದ್ದಕ್ಕೆ ಹೋರಾಡಬಹುದಿತ್ತು. ಸಾಕು ಅನಿಸಿತು, ಬಿಟ್ಟೆ. ಬಿಟ್ಟಿದ್ದು ಸರಿಯಾ ಅಂತ ನನ್ನ ಗಂಡ ಇವತ್ತಿಗೂ ಕೇಳುತ್ತಾರೆ.

ಮಗ ಈಗ ಆ ಮಂಡಿಯೂರುವ ಮಾಸ್ಟರ್ ಹತ್ತಿರ ಜೂಡೋಗೆ ಹೋಗುತ್ತಾನೆ. ಛತ್ರದ ಹಿಂದಿನ ಹಾಲ್. ತಿಂಗಳಿಗೆ 1,200, ಐದನೇ ತಾರೀಖಿನೊಳಗೆ. ಮಾಸ್ಟರ್ ಹಾಲಿನ ಲೆಕ್ಕದ ಥರ ಒಂದು ಸಣ್ಣ ಪುಸ್ತಕ ಇಟ್ಟಿದ್ದಾರೆ, ದುಡ್ಡು ತೆಗೆದುಕೊಂಡು ಅದರಲ್ಲಿ ಬರೆದು ಸಹಿ ಹಾಕಿ ಕೊಡುತ್ತಾರೆ. ಸಹಿ ಹಾಕುವವರು ಅವರು, ನಾನಲ್ಲ. ಒಂದೂವರೆ ವರ್ಷವಾಯಿತು, ಬೆಲ್ಟು ಇನ್ನೂ ಹಳದಿ. ಹೋದ ತಿಂಗಳು ಟೆಸ್ಟಿಗೆ ಹೆಸರು ಕೊಡಲಾ ಅಂತ ಕೇಳಿದ್ದಕ್ಕೆ, "ಎಡಗಡೆ ಬೀಳೋದು ಇನ್ನೂ ಸರಿಯಾಗಿಲ್ಲ" ಎಂದರಂತೆ. ಬಂದು ಹಾಸಿಗೆ ಮೇಲೆ ಎಡಗಡೆಗೆ ಬಿದ್ದು ಬಿದ್ದು ಮಂಚದ ಒಂದು ಹಲಗೆ ಮುರಿದ.

ಮುಂದಿನ ಸಾಲಿನಲ್ಲಿರುವ ಇವರು ತಮ್ಮ ಫಾರ್ಮನ್ನೇ ತಂದಿದ್ದಾರೆ, ಇನ್ನೂ ಸಹಿ ಹಾಕಿಲ್ಲವಂತೆ. ಕುರ್ಚಿಗಳನ್ನು ಸ್ವಲ್ಪ ಈ ಕಡೆ ಎಳೆದುಕೊಳ್ಳಿ. ಪೆನ್ನು ಯಾರ ಹತ್ತಿರ ಇದೆ?